ಪಿಕಪ್‌ಗೆ ಹೆಡರ್ ಹಾಕಿಸಲೇ ಮಾಮಾ?

ಮೊನ್ನೆ ಭಾನುವಾರ ಬೆಳಿಗ್ಗೆ ಚಹಾ ಇನ್ನೂ ಅರ್ಧ ಉಳಿದಿತ್ತು, ಬೆಳಗಾವಿಯಿಂದ ತಂಗಿಯ ಮಗನ ಫೋನು. ತೋಟಕ್ಕೂ ಮನೆಗೂ ಆಗಲಿ ಅಂತ ಸೆಕೆಂಡ್ ಹ್ಯಾಂಡ್ ಇಸುಝು ವಿ-ಕ್ರಾಸ್ ಪಿಕಪ್ ತಗೊಂಡಿದ್ದಾನೆ. "ಮಾಮಾ, ಹೆಡರ್ ಹಾಕಸ್ಬೇಕು ಅಂತ ಮಾಡೀನಿ. ಲಾಂಗ್ ಟ್ಯೂಬ್ ಛಲೋನೋ, ಶಾರ್ಟಿ ಛಲೋನೋ?" ಅಂದ. ಬಜೆಟ್ಟು ನಲವತ್ತು ಸಾವಿರವಂತೆ!

ನಾನು ಪುಣೆಗೆ ಬಂದು ಇಪ್ಪತ್ತೆಂಟು ವರ್ಷ. ಪಿಂಪ್ರಿಯ ಕಾರ್ಖಾನೆಯಲ್ಲಿ ಗಾಡಿಗಳ ಬಿಡಿಭಾಗಗಳ ನಡುವೆಯೇ ಕೂದಲು ಬೆಳ್ಳಗಾಯಿತು. ಹಾಗಾಗಿ ನೆಂಟರಿಷ್ಟರಿಗೆಲ್ಲ ನಾನೇ ಗಾಡಿ ಡಾಕ್ಟರು. ಆದರೆ ಈ ವಿಷಯದಲ್ಲಿ ನಾನು ಮಾತಾಡುವುದು ಡಾಕ್ಟರನಾಗಿ ಅಲ್ಲ, ಪೆಟ್ಟು ತಿಂದ ರೋಗಿಯಾಗಿ.

ಹೆಡರ್ ಅಂದರೇನು? ಇಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ದಾರಿಗೆ ಕಂಪನಿಯವರು ಸಾಮಾನ್ಯವಾಗಿ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕೂರಿಸುತ್ತಾರೆ. ಅದನ್ನು ತೆಗೆದು ಸಿಲಿಂಡರಿಗೊಂದರಂತೆ ಉದ್ದನೆಯ ಕೊಳವೆ ಹಾಕಿ ಮುಂದೆ ಒಂದುಗೂಡಿಸಿದರೆ ಅದು ಹೆಡರ್. ಒಂದು ಸಿಲಿಂಡರಿನ ಹೊಗೆ ರಭಸವಾಗಿ ಓಡುವಾಗ ಪಕ್ಕದ ಸಿಲಿಂಡರಿನ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಇಷ್ಟೇ ಗುಟ್ಟು. ಕೊಳವೆಯ ಉದ್ದ, ಒಳ ಅಳತೆ ಇಂಜಿನ್ನಿಗೆ ಹೊಂದಿದರೆ ಲಾಭ, ಹೊಂದದಿದ್ದರೆ ಬರೀ ಸದ್ದು.

ಈಗ ನನ್ನ ಕಥೆ ಕೇಳಿ. 2003ರಲ್ಲಿ ಹಳೆಯ ಜಿಪ್ಸಿ ಕಿಂಗ್ ಕೊಂಡಿದ್ದೆ, 1.3 ಲೀಟರಿನ ಪೆಟ್ರೋಲ್ ಗಾಡಿ. ಒಬ್ಬ ವೆಲ್ಡರ್ ಕೈಲಿ ದಪ್ಪ ಕೊಳವೆಯ ಹೆಡರ್ ಮಾಡಿಸಿದೆ. ದಪ್ಪ ಇದ್ದಷ್ಟೂ ಪವರ್ ಜಾಸ್ತಿ ಅನ್ನುವ ಭ್ರಮೆ! ದಪ್ಪ ಕೊಳವೆಯಲ್ಲಿ ಹೊಗೆಯ ವೇಗ ಕುಗ್ಗುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಹೋಗುತ್ತದೆ. ಆ ದೀಪಾವಳಿಗೆ ಅವ್ವನನ್ನು ಕೂರಿಸಿಕೊಂಡು ಊರಿಗೆ ಹೊರಟೆ. ಖಂಬಾಟಕಿ ಘಾಟಿನಲ್ಲಿ ಸೆಕೆಂಡ್ ಗೇರಿನಲ್ಲೂ ಗಾಡಿ ಏದುಸಿರು ಬಿಟ್ಟಿತು. ಅವ್ವ ತಲೆನೋವು, ಓಕರಿಕೆ ಅಂದಳು. ಘಾಟಿನ ತಿರುವಿಗೆ ಹಾಗಾಗಿರಬೇಕು ಅಂತ ನಾನು ನಿಂಬೆಹಣ್ಣು ಕೊಟ್ಟು ಸುಮ್ಮನಾದೆ. ಸಾತಾರಾದಲ್ಲಿ ಬಾನೆಟ್ ಎತ್ತಿದರೆ ಹೆಡರಿನ ವೆಲ್ಡ್ ಬಿರುಕು ಬಿಟ್ಟಿದೆ! ಹೊಗೆ ಒಳಕ್ಕೇ ನುಗ್ಗುತ್ತಿತ್ತು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಿಟಕಿ ತೆರೆದಿದ್ದಕ್ಕೆ ಬಚಾವಾದೆವು. ಅವ್ವ ಈಗಿಲ್ಲ, ಆದರೆ ಆ ಘಾಟು ಹತ್ತುವಾಗೆಲ್ಲ ಅವಳ ಬಾಡಿದ ಮುಖ ನೆನಪಾಗುತ್ತದೆ.

ಹುಡುಗ ನೋಡುತ್ತಿದ್ದದ್ದು ಅಮೆರಿಕದ ವಿಡಿಯೋಗಳು. ಅಲ್ಲಿ ಸಿಲ್ವರಾಡೊದಂಥ ಪಿಕಪ್‌ಗಳಲ್ಲಿ 5.3 ಲೀಟರಿನ ಪೆಟ್ರೋಲ್ ವಿ8 ಇಂಜಿನ್, ಟರ್ಬೋ ಇಲ್ಲ. ಅಂಥದ್ದಕ್ಕೆ ಲಾಂಗ್ ಟ್ಯೂಬ್ ಹೆಡರಿನಿಂದ ನಿಜಕ್ಕೂ ಶಕ್ತಿ ಸಿಗುತ್ತದೆ. ಶಾರ್ಟಿ ಆದರೆ ಕೂರಿಸುವುದು ಸಲೀಸು, ಲಾಭ ಕಮ್ಮಿ. ಅಲ್ಲೂ ಸುಮ್ಮನೆ ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಗಿಳಿಯುವ ಗಾಡಿಗೆ ಹಾಕುವ ಹೆಡರಿಗೆ ವಾಯುಮಂಡಳಿಯ ಅನುಮತಿ ಸಂಖ್ಯೆ ಬೇಕೇ ಬೇಕು.

ನಮ್ಮ ವಿ-ಕ್ರಾಸ್ ಟರ್ಬೋ ಡೀಸೆಲ್. ಮ್ಯಾನಿಫೋಲ್ಡಿಗೆ ಅಂಟಿಕೊಂಡೇ ಟರ್ಬೋ ಕೂತಿರುತ್ತದೆ. ಬಿಸಿ ಹೊಗೆಯೇ ಅದರ ಚಕ್ರ ತಿರುಗಿಸುವ ಕೂಲಿಯಾಳು. ಆ ಬಿಸಿಯನ್ನು ಹಿಡಿದಿಡಲು, ಟರ್ಬೋದ ಭಾರ ಹೊರಲು ಎರಕದ ಕಬ್ಬಿಣವೇ ಲೇಸು. ಉದ್ದ ಕೊಳವೆ ಹಾಕಿದರೆ ದಾರಿಯಲ್ಲೇ ಬಿಸಿ ಸೋರಿ ಟರ್ಬೋ ತಡವಾಗಿ ಏಳುತ್ತದೆ. ಅಂದರೆ ಲಾಂಗ್ ಟ್ಯೂಬೋ ಶಾರ್ಟಿಯೋ ಅನ್ನುವ ಪ್ರಶ್ನೆಯೇ ಇಲ್ಲಿ ಹುಟ್ಟುವುದಿಲ್ಲ.

ಇನ್ನು ಕಾನೂನು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಸದ್ದು-ಹೊಗೆ ಮಿತಿ ಮೀರಿದರೆ 10,000ದವರೆಗೆ ದಂಡ ಸೇರಿತು. ಅಪಘಾತವಾದರೆ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು.

ಟರ್ಬೋ ಇಲ್ಲದ ಪೆಟ್ರೋಲ್ ಗಾಡಿಯನ್ನು ಖಾಸಗಿ ಟ್ರ್ಯಾಕಿನಲ್ಲಿ ಓಡಿಸುವವರ ಮಾತು ಬೇರೆ. ಅವರಿಗೆ ನನ್ನ ಸಲಹೆ ಇಷ್ಟೇ. ದಪ್ಪ ನೋಡಬೇಡಿ, ನೀವು ಹೆಚ್ಚು ಓಡಿಸುವ ಆರ್‌ಪಿಎಂ ನೋಡಿ. ನಾಲ್ಕು ಸಿಲಿಂಡರಿಗೆ 4-2-1 ಜೋಡಣೆ ಮಧ್ಯದ ಎಳೆತಕ್ಕೆ ಒಳ್ಳೆಯದು, 4-1 ಮೇಲಿನ ಓಟಕ್ಕೆ. ಫ್ಲಾಂಜ್ ದಪ್ಪಗಿರಲಿ, ಆಕ್ಸಿಜನ್ ಸೆನ್ಸರಿಗೆ ಸರಿಯಾದ ಜಾಗವಿರಲಿ, ಉಕ್ಕು 304 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ. ವೆಲ್ಡನ್ನು ಬರಿಗಣ್ಣಿಂದ ಇಂಚಿಂಚೂ ನೋಡಿ.

ಅಳಿಯನಿಗೆ ಹೇಳಿದೆ: "ತಮ್ಮಾ, ಆ ನಲವತ್ತು ಸಾವಿರದಾಗ ನಾಲ್ಕು ಛಲೋ ಟೈರ್ ಹಾಕ್ಸು, ಬ್ರೇಕ್ ನೋಡ್ಸು, ಏರ್ ಫಿಲ್ಟರ್ ಬದಲ್ಸು. ಸೈಲೆನ್ಸರ್ ತೂತು ಬಿದ್ದಿದ್ರ ಕಂಪನಿದ ಹಾಕ್ಸು." ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ, "ಸೌಂಡ್ ಬರೂದಿಲ್ಲಲ್ಲ ಮಾಮಾ" ಅಂದ!

ಅಲ್ಲಿಗೆ ಗೊತ್ತಾಯಿತು, ಅವನಿಗೆ ಬೇಕಾದದ್ದು ಶಕ್ತಿ ಅಲ್ಲ, ಸದ್ದು. ಹಬ್ಬಕ್ಕೆ ಊರಿಗೆ ಓಡುವ ನಮಗೆಲ್ಲ ಗಾಡಿಯಲ್ಲಿ ಕೂತವರು ನೆಮ್ಮದಿಯಾಗಿ ಮನೆ ಮುಟ್ಟುವುದು ಮುಖ್ಯ. ಸದ್ದು ಬೇಕಿದ್ದರೆ ಮನೆಯಲ್ಲಿ ಹೇಗೂ ಇದ್ದೇ ಇದೆ. ಏನಂತೀರಿ?