ವಿಮಾನ ಕೆಟ್ಟು ನಿಂತರೆ ಖರ್ಚು ಯಾರದು? ದೇಣಿಗೆ ಕೊಡೋ ಮುನ್ನ ಕೇಳಬೇಕಾದ ಮಾತು

ರೋಣ/ನರಗುಂದ/ಗಜೇಂದ್ರಗಡ: ರೋಗ ಸಂಶೋಧನೆಗೆ ಹಣ ಕೂಡಿಸಲು ಸಣ್ಣ ವಿಮಾನದಲ್ಲಿ ಜಗತ್ತು ಸುತ್ತುವವರ ಸುದ್ದಿ ಆಗಾಗ ಮೊಬೈಲಿಗೆ ಬರುತ್ತದೆ. ಹೊರಟ ದಿನ ಫೋಟೊ, ಚಪ್ಪಾಳೆ. ನಡುದಾರಿಯಲ್ಲಿ ಯಂತ್ರ ಕೈಕೊಟ್ಟಾಗ ಬರುವ ಬಿಲ್ಲಿನ ಬಗ್ಗೆ ಮಾತ್ರ ಯಾರೂ ಮಾತಾಡೋದಿಲ್ಲ. ಮೂರೂ ತಾಲೂಕಿನ ಅಂಗಡಿಕಾರರಿಗೆ ಇದು ದೂರದ ವಿಷಯ ಅಲ್ಲ. ಜಾಥಾ, ಬೈಕ್ ರ‍್ಯಾಲಿ ಅಂತ ರಸೀದಿ ಪುಸ್ತಕ ಹಿಡಿದು ಬರುವವರು ಇಲ್ಲೂ ಇದ್ದಾರೆ.

ಯಾಕೆ ತಡ ಆಗ್ತದೆ?

ಇಂಥ ಪ್ರಯಾಣಕ್ಕೆ ಹೆಚ್ಚಾಗಿ ಬಳಸೋದು ಒಂದೇ ಎಂಜಿನ್ನಿನ ಸಣ್ಣ ವಿಮಾನ. ಸಮುದ್ರದ ಮೇಲೆ ಎಂಜಿನ್ ನಿಂತರೆ ಇಳಿಯಲು ಜಾಗ ಇಲ್ಲ. ಹಾಗಾಗಿ ಸಣ್ಣ ಅನುಮಾನ ಬಂದರೂ ನಿಲ್ಲಲೇಬೇಕು. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ಗದಗ ಇಲ್ಲವೇ ಹುಬ್ಬಳ್ಳಿಯಿಂದ ಸಾಮಾನು ತರಿಸಬಹುದು. ವಿಮಾನದ ಬಿಡಿಭಾಗ ಬೇರೆ ದೇಶದಿಂದ ಬರಬೇಕು, ಕಸ್ಟಮ್ಸ್ ದಾಟಬೇಕು, ಪರವಾನಗಿ ಇರುವ ಎಂಜಿನಿಯರ್ ಸಹಿ ಹಾಕಬೇಕು. ಇಂಧನವೂ ಸುಲಭ ಅಲ್ಲ. ಇಂಥ ಬಹುತೇಕ ಎಂಜಿನ್ನುಗಳಿಗೆ ಬೇಕಾದ ಎವಿಗ್ಯಾಸ್ ಅನ್ನು ಇಂಡಿಯನ್ ಆಯಿಲ್ ಕಂಪನಿ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿದ್ದೇ 2022ರಲ್ಲಿ.

ಬೆಲ್ಜಿಯಂನ ಝಾರಾ ರುದರ್‌ಫರ್ಡ್ ಉದಾಹರಣೆ ನೋಡ್ರಿ. ವೈದ್ಯಕೀಯಕ್ಕಲ್ಲ, ಹೆಣ್ಣುಮಕ್ಕಳಿಗೆ ವಿಜ್ಞಾನ, ವಿಮಾನಯಾನದ ಕಡೆ ಒಲವು ಮೂಡಿಸಲು 19ನೇ ವಯಸ್ಸಿಗೆ ಒಬ್ಬಳೇ ಹೊರಟ ಹುಡುಗಿ. ಮೂರು ತಿಂಗಳ ಯೋಜನೆ ಹವಾಮಾನ, ವೀಸಾ, ಟೈರ್ ತೊಂದರೆ ಸೇರಿ ಐದು ತಿಂಗಳಾಯಿತು. ಸಿಂಗಾಪುರದಲ್ಲಿ ಟೈರಿನಿಂದಾಗಿ ನಿಂತು, 2022ರ ಜನವರಿಯಲ್ಲಿ ಕೊಯಮತ್ತೂರು, ಮುಂಬೈ ಹಾದು ಹೋದಳು.

ತಡ ತಪ್ಪಲ್ಲ, ಲೆಕ್ಕ ಮುಖ್ಯ

ಅಮೆರಿಕದ ಈಥನ್ ಗುವೊ ಕಥೆ ಬೇರೆ. ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಗೆ 10 ಲಕ್ಷ ಡಾಲರ್ ಕೂಡಿಸುವ ಗುರಿ, ಸೆಸ್ನಾ 182 ವಿಮಾನ. 2025ರ ಜೂನ್ ಕೊನೆಗೆ ಅಂಟಾರ್ಕ್ಟಿಕಾದ ಚಿಲಿ ನೆಲೆಯಲ್ಲಿ ಇಳಿದಾಗ, ಸಲ್ಲಿಸಿದ ಹಾರಾಟ ಯೋಜನೆ ಬೇರೆಯೇ ಇತ್ತು ಎಂದು ಅಲ್ಲಿನ ಅಧಿಕಾರಿಗಳು ತಡೆದರು. ಆಗಸ್ಟ್‌ನಲ್ಲಿ ನ್ಯಾಯಾಲಯ ಪ್ರಕರಣ ಕೈಬಿಟ್ಟಿತು. ಆದರೆ ಮಕ್ಕಳ ಕ್ಯಾನ್ಸರ್ ಸಂಸ್ಥೆಯೊಂದಕ್ಕೆ 30,000 ಡಾಲರ್ ಕೊಡುವ ಷರತ್ತು ಇತ್ತು. ಆತ ಹಡಗಿನಲ್ಲಿ ಹೊರಬಂದದ್ದು ಸೆಪ್ಟೆಂಬರ್‌ನಲ್ಲಿ. ಇಲ್ಲಿ ನಿಲ್ಲಿಸಿದ್ದು ಯಂತ್ರ ಅಲ್ಲ, ಕಾನೂನು. ಕಾರಣ ಯಾವುದೇ ಇರಲಿ, ನಿಂತ ಪ್ರತಿ ದಿನಕ್ಕೂ ಖರ್ಚು ಇದ್ದೇ ಇರ್ತದೆ.

ಪ್ರಯಾಣದ ಹಣ, ದೇಣಿಗೆ ಹಣ ಒಂದೇ ಚೀಲದಲ್ಲಿದ್ದರೆ ಆ ಖರ್ಚು ರೋಗಿಯ ಪಾಲನ್ನೇ ತಿಂತದೆ. ಬೇರೆ ಬೇರೆ ಇದ್ದರೆ ತಿಂಗಳು ತಡವಾದರೂ ದೇಣಿಗೆಗೆ ಧಕ್ಕೆ ಇಲ್ಲ. ಅಮೆರಿಕದ ಪೈಲಟ್ ಕ್ಯಾರಲ್‌ಆ್ಯನ್ ಗ್ಯಾರೆಟ್ ಈ ಎರಡನೇ ದಾರಿ ಹಿಡಿದವರು. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ ಎಎಲ್ಎಸ್ ಕಾಯಿಲೆಗೆ ತಾಯಿಯನ್ನು ಕಳೆದುಕೊಂಡ ಅವರು, 2008ರ ಡಿಸೆಂಬರ್‌ನಲ್ಲಿ ಕ್ಯಾರಲ್ ಫಾಯ್ ಜೊತೆ ಎಂಟೂವರೆ ದಿನದಲ್ಲಿ ಜಗತ್ತು ಸುತ್ತಿದರು. ಹಾರಾಟದ ಖರ್ಚು ಪೈಲಟ್‌ಗಳದೇ, ಜನ ಕೊಟ್ಟದ್ದೆಲ್ಲ ಸಂಶೋಧನೆಗೆ.

ಅಂಗಡಿಗೆ ಬಂದವರನ್ನ ಕೇಳ್ರಿ

ಡೀಸೆಲ್, ಊಟ, ಬ್ಯಾನರ್ ಖರ್ಚು ಈ ದೇಣಿಗೆಯಿಂದ ಹೋಗ್ತದಾ? ಕಾರ್ಯಕ್ರಮ ನಿಂತರೆ ಹಣ ಎಲ್ಲಿಗೆ? ಹಣ ಆಸ್ಪತ್ರೆಯ ಖಾತೆಗೆ ನೇರ ಹಾಕಬಹುದಾ? 80ಜಿ ವಿನಾಯಿತಿ ಸಿಗ್ತದೆ ಅಂದರೆ ಒಂದು ಮಾತು ನೆನಪಿರಲಿ: 2,000 ರೂ. ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ.

ಹೀಗೆ ಕೇಳೋದು ಜಿಪುಣತನ ಅಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಹತ್ತು ಜನರ ದುಡ್ಡಿಗೆ ಹತ್ತು ಜನರೆದುರು ಲೆಕ್ಕ ಕೊಡೋದು ಇಲ್ಲಿ ಹೊಸ ಮಾತಲ್ಲ. ಒಳ್ಳೆ ಕೆಲಸಕ್ಕೆ ಹೊರಟವರು ಈ ಪ್ರಶ್ನೆಗೆ ಸಿಟ್ಟಾಗೋದೂ ಇಲ್ಲ. ರಸೀದಿ ಜೊತೆ ಖರ್ಚಿನ ಪಟ್ಟಿಯನ್ನೂ ಮುಂದಿಟ್ಟವರಿಗೆ ಕೈಬಿಚ್ಚಿ ಕೊಡಲು ಅಡ್ಡಿಯಿಲ್ಲ.