ಗಡಿಯಾಚೆ ಸೊನ್ನೆ ಬಿಲ್ಲು, ಈಚೆ ಸಾವಿರ: ಕರೆಂಟಿನ ಲೆಕ್ಕ ನಿಜಕ್ಕೂ ಹೇಗೆ?

ಜತ್ತ ತಾಲೂಕಿನ ಮದುವೆ ಮನೆಯಿರಲಿ, ಮಂಜೇಶ್ವರದ ಭೂತಕೋಲವಿರಲಿ, ತಾಳವಾಡಿಯ ಸಂತೆಯಿರಲಿ, ಗಡಿಯ ಎರಡೂ ಕಡೆಯ ನೆಂಟರು ಒಟ್ಟು ಸೇರಿದರೆ ಮಳೆ-ಬೆಳೆಯ ಮಾತು ಮುಗಿದ ಮೇಲೆ ಸುದ್ದಿ ಕರೆಂಟಿಗೆ ಬರುತ್ತದೆ. "ನಿಮ್ಮ ಕಡೆ ಕರೆಂಟ್ ಬಿಲ್ಲ ಇಲ್ಲಂತಲ್ರಿ ಅಳಿಯಂದ್ರ?" ಎಂದು ಮಾವ ಕೇಳುತ್ತಾನೆ. "ಇಲ್ರಿ ಮಾವಾರ, ಸೊನ್ನಿ ಬರ್ತೈತಿ" ಎಂದು ವಿಜಯಪುರ ಕಡೆಯ ಅಳಿಯ ನಗುತ್ತಾನೆ. ಮಾವನ ಜೇಬಿನಲ್ಲಿ ಮಹಾವಿತರಣದ ಸಾವಿರ ಚಿಲ್ಲರೆ ರೂಪಾಯಿಯ ಬಿಲ್ಲು. ಎರಡೂ ಮನೆಗಳಲ್ಲಿ ಅದೇ ಟಿವಿ, ಅದೇ ಫ್ಯಾನು, ಅದೇ ಮಿಕ್ಸಿ.

2023ರ ಜುಲೈ ತಿಂಗಳ ಬಳಕೆಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಜಾರಿಗೆ ಬಂದಂದಿನಿಂದ ಈ ಮಾತು ಗಡಿನಾಡಿನಲ್ಲಿ ನಿಂತಿಲ್ಲ. ಕನ್ನಡಿಗರಾದರೂ ನಾವು ಆಚೆ ಉಳಿದೆವು ಎಂಬ ಕೊರಗು ಕೆಲವರಿಗೆ, ನಮ್ಮ ಸರ್ಕಾರ ನಮ್ಮನ್ನು ಸುಲಿಯುತ್ತಿದೆ ಎಂಬ ಸಿಟ್ಟು ಇನ್ನು ಕೆಲವರಿಗೆ. ಆದರೆ ಬಿಲ್ಲುಗಳನ್ನು ಪಕ್ಕ ಪಕ್ಕ ಇಟ್ಟು ಲೆಕ್ಕ ಹಾಕಿದವರು ಕಡಿಮೆ. ಹಾಕಿ ನೋಡಿದರೆ ಸಿಗುವ ಉತ್ತರ ಮದುವೆ ಮನೆಯ ಮಾತಿನಷ್ಟು ಸರಳವಾಗಿಲ್ಲ.

ಹೋಲಿಸುವ ಮೊದಲು

ಮೊದಲ ತಪ್ಪು ಆಗುವುದು ತಿಂಗಳ ಎಣಿಕೆಯಲ್ಲಿ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಲ್ಲಿ ಮನೆ ಬಿಲ್ಲು ತಿಂಗಳಿಗೊಮ್ಮೆ. ಕೇರಳ ಮತ್ತು ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ. ಕಾಸರಗೋಡಿನ ಮನೆಯ 1,300 ರೂಪಾಯಿ ಬಿಲ್ಲನ್ನು ಪುತ್ತೂರಿನ 900 ರೂಪಾಯಿ ಬಿಲ್ಲಿನ ಪಕ್ಕ ಇಟ್ಟು ನೋಡಿದರೆ ಕೇರಳ ದುಬಾರಿ ಎನಿಸುತ್ತದೆ. ಎರಡರಿಂದ ಭಾಗಿಸಿದರೆ ಕತೆಯೇ ಬೇರೆ.

ಎರಡನೆಯದು, ಯುನಿಟ್ ದರ ಒಂದೇ ಬಿಲ್ಲಲ್ಲ. ಅದರ ಮೇಲೆ ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಬೀಳುತ್ತವೆ. ವಿದ್ಯುತ್ ತೆರಿಗೆ ಕರ್ನಾಟಕದಲ್ಲಿ ಶೇ. 9, ಕೇರಳದಲ್ಲಿ ಶೇ. 10, ಮಹಾರಾಷ್ಟ್ರದಲ್ಲಿ ಶೇ. 16. ಕರ್ನಾಟಕದ 2025-26ರ ಆದೇಶದಲ್ಲಿ ನಿಗದಿತ ಶುಲ್ಕವೇ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ, ಜತೆಗೆ ನೌಕರರ ಪಿಂಚಣಿ ಬಾಬತ್ತು ಯುನಿಟ್‌ಗೆ 36 ಪೈಸೆ. ಆಂಧ್ರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ಕೇವಲ 10 ರೂಪಾಯಿ. ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ಮನೆಗಳ ನಿಗದಿತ ಶುಲ್ಕವನ್ನೇ ತೆಗೆದುಹಾಕಿತು.

ಮೂರನೆಯದು ಸ್ಲ್ಯಾಬ್. ಹೆಚ್ಚಿನ ರಾಜ್ಯಗಳಲ್ಲಿ ಮೊದಲ ಯುನಿಟ್‌ಗಳು ಅಗ್ಗ, ಮೇಲೇರಿದಂತೆ ದುಬಾರಿ. ಕರ್ನಾಟಕ ಮಾತ್ರ 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಬಿಟ್ಟು ಎಲ್ಲ ಯುನಿಟ್‌ಗೂ ಒಂದೇ ದರ ಮಾಡಿತು. ಆಗ 5 ರೂಪಾಯಿ 90 ಪೈಸೆ, 2025-26ಕ್ಕೆ 5 ರೂಪಾಯಿ 80 ಪೈಸೆ.

ಮೂರು ಮನೆ, ಆರು ರಾಜ್ಯ

ಮೂರು ಬಗೆಯ ಮನೆಗಳನ್ನು ತೆಗೆದುಕೊಂಡು ನೋಡೋಣ. ಕೆಳಗಿನ ಮೊತ್ತಗಳೆಲ್ಲ ಯುನಿಟ್ ಬಾಬತ್ತಿನವು ಮಾತ್ರ. ತೆರಿಗೆ, ನಿಗದಿತ ಶುಲ್ಕ ಬೇರೆ. ದರಗಳು ಕರ್ನಾಟಕ ಮತ್ತು ಕೇರಳದ್ದು 2025-26ರವು, ತಮಿಳುನಾಡಿನದು 2024ರ ಜುಲೈ ಪರಿಷ್ಕರಣೆಯ ನಂತರ ಮನೆಯವರು ಕಟ್ಟಿದ್ದು, ಮಹಾರಾಷ್ಟ್ರದ್ದು 2024-25ರದು (ಸಾಗಣೆ ಶುಲ್ಕ ಸೇರಿ), ಆಂಧ್ರ-ತೆಲಂಗಾಣದ್ದು 2022-23ರಲ್ಲಿ ಜಾರಿಗೆ ಬಂದವು. ಕೈಯಲ್ಲಿರುವ ಬಿಲ್ಲಿನಲ್ಲಿ ದರ ಬದಲಾಗಿದ್ದರೆ ಅಂಕಿ ಬದಲಾಯಿಸಿಕೊಂಡರೆ ಸಾಕು, ಲೆಕ್ಕದ ಕ್ರಮ ಇದೇ.

ಮೊದಲ ಮನೆ, ತಿಂಗಳಿಗೆ 60 ಯುನಿಟ್. ನಾಲ್ಕು ಬಲ್ಬು, ಎರಡು ಫ್ಯಾನು, ಟಿವಿ, ಮಿಕ್ಸಿ. ತಮಿಳುನಾಡಿನಲ್ಲಿ ಎರಡು ತಿಂಗಳಿಗೆ ಮೊದಲ 100 ಯುನಿಟ್ ಉಚಿತವಾದ್ದರಿಂದ ತಿಂಗಳಿಗೆ 24 ರೂಪಾಯಿಯೂ ಆಗುವುದಿಲ್ಲ. ತೆಲಂಗಾಣದಲ್ಲಿ ಸುಮಾರು 129, ಆಂಧ್ರದಲ್ಲಿ 147, ಕೇರಳದಲ್ಲಿ 210, ಕರ್ನಾಟಕದಲ್ಲಿ ಗೃಹಜ್ಯೋತಿ ಇಲ್ಲದಿದ್ದರೆ 348, ಮಹಾರಾಷ್ಟ್ರದಲ್ಲಿ 353.

ಎರಡನೆಯ ಮನೆ, 150 ಯುನಿಟ್. ಇಲ್ಲಿ ಫ್ರಿಜ್ಜು, ಗ್ರೈಂಡರು, ನೀರಿನ ಪಂಪು ಸೇರಿವೆ. ತಮಿಳುನಾಡು ಸುಮಾರು 353, ಆಂಧ್ರ 567, ತೆಲಂಗಾಣ 580, ಕೇರಳ 648, ಕರ್ನಾಟಕ 870, ಮಹಾರಾಷ್ಟ್ರ 1,161.

ಮೂರನೆಯ ಮನೆ, 210 ಯುನಿಟ್. ತಮಿಳುನಾಡು 651, ಆಂಧ್ರ 927, ಕೇರಳ 1,093, ತೆಲಂಗಾಣ 1,097, ಕರ್ನಾಟಕ 1,218, ಮಹಾರಾಷ್ಟ್ರ 1,849.

ಅಂದರೆ ಉಚಿತ ಯೋಜನೆಯನ್ನು ಪಕ್ಕಕ್ಕಿಟ್ಟರೆ ಕರ್ನಾಟಕದ ದರ ಅಗ್ಗವೇ ಅಲ್ಲ. ಹೊಸೂರು, ಮಡಕಶಿರಾ, ರಾಯದುರ್ಗ, ಕಾಸರಗೋಡಿನವರು ಕಟ್ಟುವ ದರ ಕರ್ನಾಟಕದ ದರಕ್ಕಿಂತ ಕಡಿಮೆಯೇ. ನಿಜವಾಗಿ ದುಬಾರಿ ಬಿಲ್ಲು ಬರುವುದು ಅಕ್ಕಲಕೋಟೆ, ಜತ್ತ, ಸೊಲ್ಲಾಪುರದವರಿಗೆ. ಅಲ್ಲಿ 100 ಯುನಿಟ್ ತನಕ 5 ರೂಪಾಯಿ 88 ಪೈಸೆ ಇದ್ದ ದರ 101ನೇ ಯುನಿಟ್‌ನಿಂದ 11 ರೂಪಾಯಿ 46 ಪೈಸೆಗೆ, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟಿಗೆ, ಜಿಗಿಯುತ್ತಿತ್ತು. ಮದುವೆ ಮನೆಯ ಮಾವನ ಸಿಟ್ಟಿಗೆ ಅರ್ಥವಿದೆ.

ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆಯೇ ಮನೆಗಳಿಗೆ ಕರೆಂಟು ಕೊಡುತ್ತದೆ. ಅಲ್ಲಿನ ಮನೆ ದರ ಮಹಾರಾಷ್ಟ್ರಕ್ಕಿಂತ ಬಹಳ ಕಡಿಮೆ.

ಸೊನ್ನೆ ಬಿಲ್ಲು ಯಾರಿಗೆ?

ಕರ್ನಾಟಕದ ಗೃಹಜ್ಯೋತಿಯನ್ನು "ಎಲ್ಲರಿಗೂ 200 ಯುನಿಟ್ ಫ್ರೀ" ಎಂದು ತಿಳಿದವರೇ ಹೆಚ್ಚು. ಅದು ಹಾಗಿಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 80 ಇದ್ದವನಿಗೆ 88 ಯುನಿಟ್. ಕಡಿಮೆ ಬಳಸುತ್ತಿದ್ದ ಬಡವರಿಗೆ ಶೇ. 10 ಏನೂ ಸಾಲದು ಎಂಬ ಕಾರಣಕ್ಕೆ 2024ರ ಆರಂಭದಲ್ಲಿ, ಸರಾಸರಿ 48 ಯುನಿಟ್‌ಗಿಂತ ಕಡಿಮೆ ಇರುವವರಿಗೆ 10 ಯುನಿಟ್ ಹೆಚ್ಚುವರಿ ಎಂದು ಬದಲಾಯಿಸಲಾಯಿತು. ತನ್ನ ಪಾಲು ಮೀರಿ 200ರೊಳಗೆ ಬಳಸಿದವರು ಮೀರಿದ್ದಕ್ಕೆ ಹಣ ಕೊಡಬೇಕು. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು.

ತೆಲಂಗಾಣದ ಗೃಹಜ್ಯೋತಿ 2024ರ ಮಾರ್ಚ್‌ನಿಂದ ಶುರುವಾಯಿತು. ಅಲ್ಲಿ 200 ಯುನಿಟ್ ತನಕ ಉಚಿತ, ಆದರೆ ಬಿಳಿ ರೇಷನ್ ಕಾರ್ಡ್ ಬೇಕು. ನಾರಾಯಣಪೇಟೆ ಕಡೆಯ ಕನ್ನಡದ ಮನೆಗಳಿಗೂ ಇದು ಅನ್ವಯ. ಆಂಧ್ರದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ 200 ಯುನಿಟ್ ತನಕ ಉಚಿತದ ಯೋಜನೆ ಇದೆ. ತಮಿಳುನಾಡಿನ 100 ಯುನಿಟ್ 2016ರ ಮೇ ತಿಂಗಳಲ್ಲಿ ಜಯಲಲಿತಾ ಮತ್ತೆ ಮುಖ್ಯಮಂತ್ರಿಯಾದ ದಿನ ಸಹಿ ಹಾಕಿದ ಆದೇಶದಿಂದ ಬಂದದ್ದು; ಅದಕ್ಕೆ ರೇಷನ್ ಕಾರ್ಡಿನ ಬಣ್ಣ ಕೇಳುವುದಿಲ್ಲ. ಕೇರಳದಲ್ಲಿ 40 ಯುನಿಟ್ ಒಳಗಿನ ಬಿಪಿಎಲ್ ಮನೆಗೆ ಯುನಿಟ್‌ಗೆ ಒಂದೂವರೆ ರೂಪಾಯಿ. ಈ ಯಾವುದಕ್ಕೂ ಮನೆಮಾತು ಲೆಕ್ಕಕ್ಕಿಲ್ಲ. ಮೀಟರು ಯಾವ ರಾಜ್ಯದ ಕಂಬಕ್ಕೆ ಜೋಡಿಸಿದೆ ಎಂಬುದಷ್ಟೇ ಲೆಕ್ಕ.

ಒಂದು ಯುನಿಟ್‌ನ ಬೆಲೆ ಇನ್ನೂರಕ್ಕೂ ಹೆಚ್ಚು

ಗಡಿನಾಡಿನ ಮನೆಗಳಿಗೆ ನಿಜವಾದ ಪೆಟ್ಟು ಬೀಳುವುದು ದರದಿಂದಲ್ಲ, ಗೆರೆ ದಾಟುವುದರಿಂದ.

ಕೇರಳದಲ್ಲಿ ತಿಂಗಳಿಗೆ 250 ಯುನಿಟ್ ತನಕ ಮೆಟ್ಟಿಲು ದರ. ಅದಕ್ಕೆ 1,432 ರೂಪಾಯಿ ಚಿಲ್ಲರೆ. 251 ಆಯಿತೆಂದರೆ ಮೆಟ್ಟಿಲು ಹೋಗಿ ಮೊದಲ ಯುನಿಟ್‌ನಿಂದಲೇ 6 ರೂಪಾಯಿ 75 ಪೈಸೆ, ಮೊತ್ತ 1,694. ಒಂದು ಯುನಿಟ್‌ಗೆ 262 ರೂಪಾಯಿ! ತಮಿಳುನಾಡಿನಲ್ಲಿ ಎರಡು ತಿಂಗಳಿಗೆ 500 ಯುನಿಟ್‌ಗೆ 1,805 ರೂಪಾಯಿ, 501ಕ್ಕೆ 2,048. ತೆಲಂಗಾಣದಲ್ಲಿ 200ಕ್ಕೆ 820, 201ಕ್ಕೆ 1,028. ಬಿಳಿ ಕಾರ್ಡಿನವರಿಗಾದರೆ ಸೊನ್ನೆಯಿಂದ ನೇರ ಸಾವಿರಕ್ಕೆ.

ಆದ್ದರಿಂದ ಮೀಟರು ಓದುವ ದಿನ ಮುಖ್ಯ. ರೀಡರು ಹತ್ತು ದಿನ ತಡವಾಗಿ ಬಂದರೆ ಬಳಕೆ ಹೆಚ್ಚು ಕಾಣುತ್ತದೆ, ಮನೆ ಗೆರೆ ದಾಟುತ್ತದೆ. ಅಂಥ ಬಿಲ್ಲು ಬಂದಾಗ ದಿನ ಎಣಿಸಿ ನೋಡಬೇಕು, ಹೆಚ್ಚಾಗಿದ್ದರೆ ಪ್ರಶ್ನಿಸಬೇಕು. ಆದರೆ ಬಿಲ್ಲಿನ ಅಕ್ಷರ ಮಲಯಾಳಂ, ತಮಿಳು, ಮರಾಠಿ, ತೆಲುಗು, ಇಲ್ಲವೇ ಇಂಗ್ಲಿಷ್. ಮಾತಿನಲ್ಲಿ ಎರಡು ಭಾಷೆ ಬಲ್ಲವರಿಗೂ ಓದಿನಲ್ಲಿ ಒಂದೇ ಬರುವುದುಂಟು. ಕನ್ನಡ ಶಾಲೆಯಲ್ಲಿ ಕಲಿತ ಮನೆಯ ಹಿರಿಯರು ಕೊನೆಯ ಸಾಲಿನ ಮೊತ್ತ ನೋಡಿ ಹಣ ಕಟ್ಟಿ ಬರುತ್ತಾರೆ. ಮೇಲಿನ ಸಾಲುಗಳಲ್ಲಿ ಏನಿದೆ ಎಂದು ಓದಿ ಹೇಳುವವರಿಲ್ಲ. ಸೊನ್ನೆ ಬಿಲ್ಲು ಸಿಗದ್ದಕ್ಕಿಂತ ಇದು ದೊಡ್ಡ ನಷ್ಟ.

ಕಣ್ಣೆದುರಿಗೆ ಕರೆಂಟು, ಆದರೂ ಯಾಕೆ?

ಮಡಕಶಿರಾದ ಪಕ್ಕದಲ್ಲೇ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಕೃಷ್ಣಾ ನದಿಯ ಈಚೆ ದಡದ ತೆಲಂಗಾಣದವರಿಗೆ ಎದುರಿಗೇ ರಾಯಚೂರು ಶಾಖೋತ್ಪನ್ನ ಕೇಂದ್ರದ ಚಿಮಣಿ. ನೀಲಗಿರಿಯ ಪೈಕಾರದಲ್ಲಿ 1932ರಿಂದ ವಿದ್ಯುತ್ ಆಗುತ್ತಿದೆ. ಇಷ್ಟು ಹತ್ತಿರವಿದ್ದೂ ನಮಗೇಕೆ ಅಗ್ಗವಿಲ್ಲ ಎಂಬುದು ಸಹಜ ಪ್ರಶ್ನೆ. ತಯಾರಾದ ವಿದ್ಯುತ್ ದೊಡ್ಡ ಜಾಲಕ್ಕೆ ಸೇರುತ್ತದೆ, ಅಲ್ಲಿಂದ ರಾಜ್ಯಗಳು ಕೊಳ್ಳುತ್ತವೆ. ಕೊಂಡ ಬೆಲೆಯಲ್ಲಿ ಎಷ್ಟನ್ನು ಮನೆಯವರಿಂದ, ಎಷ್ಟನ್ನು ಕಾರ್ಖಾನೆಯಿಂದ, ಎಷ್ಟನ್ನು ಖಜಾನೆಯಿಂದ ವಸೂಲು ಮಾಡಬೇಕು ಎಂಬಲ್ಲೇ ರಾಜ್ಯಗಳು ಬೇರೆಯಾಗುವುದು.

ಮಹಾರಾಷ್ಟ್ರದಲ್ಲಿ ಪಂಪ್‌ಸೆಟ್ಟಿನ ಕೊರತೆಯ ಒಂದು ಪಾಲನ್ನು ಹೆಚ್ಚು ಬಳಸುವ ಮನೆ ಮತ್ತು ಕಾರ್ಖಾನೆಗಳ ಮೇಲೆ ಹಾಕುತ್ತಾ ಬಂದಿದ್ದಾರೆ. ಆದರೆ ಜತ್ತದ ಅದೇ ಮಾವನಿಗೆ ಹೊಲದಲ್ಲಿ ಪಂಪು ಇದ್ದರೆ, 2024ರಲ್ಲಿ ಘೋಷಿಸಿದ ಬಳಿರಾಜ ಯೋಜನೆಯಲ್ಲಿ ಏಳೂವರೆ ಅಶ್ವಶಕ್ತಿ ತನಕ ಆ ಬಿಲ್ಲು ಮಾಫಿ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಒಂದಿಷ್ಟು ತೆಗೆದುಕೊಂಡಂತೆ. ತಮಿಳುನಾಡು 2014ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್ ತನಕ ದರ ಏರಿಸಲೇ ಇಲ್ಲ. ವಿದ್ಯುತ್ ನಿಗಮದ ಸಾಲ ಬೆಟ್ಟವಾಯಿತು, ಆಮೇಲೆ ಏರಿಕೆ ಸಾಲು ಸಾಲಾಗಿ ಬಂತು. ಆಂಧ್ರದಲ್ಲಿ ಹಿಂದಿನ ವರ್ಷಗಳ ಖರೀದಿ ಬಾಕಿ 2024ರ ಡಿಸೆಂಬರ್‌ನಿಂದ ಬಿಲ್ಲಿಗೆ ಸೇರಿತು. ಕರ್ನಾಟಕದ ಸೊನ್ನೆ ಬಿಲ್ಲಿನ ಹಣವೂ ಆಕಾಶದಿಂದ ಬಿದ್ದದ್ದಲ್ಲ. ಸರ್ಕಾರ ಬಜೆಟ್ಟಿನಿಂದ ಎಸ್ಕಾಂಗಳಿಗೆ ತುಂಬಿಕೊಡಬೇಕು. ತಡವಾದರೆ ಎಸ್ಕಾಂ ಸಾಲ ಮಾಡುತ್ತದೆ, ಬಡ್ಡಿ ಮುಂದೊಂದು ದಿನ ದರದಲ್ಲಿ ಕಾಣುತ್ತದೆ.

ಮಾಡಬಹುದಾದ್ದು

2003ರ ವಿದ್ಯುತ್ ಕಾಯ್ದೆ ದೇಶಕ್ಕೆಲ್ಲ ಒಂದೇ. ಪ್ರತಿ ವಿತರಣಾ ಸಂಸ್ಥೆಗೂ ಗ್ರಾಹಕರ ಕುಂದುಕೊರತೆ ವೇದಿಕೆ ಇರಲೇಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ದರ ನಿಗದಿ ಮಾಡುವ ಮೊದಲು ರಾಜ್ಯದ ಆಯೋಗ ಜನರ ಆಕ್ಷೇಪಣೆ ಕೇಳಬೇಕು. ಕನ್ನಡದಲ್ಲೂ ಬಿಲ್ಲಿನ ವಿವರ ಕೊಡಿ ಎಂದು ಕೇಳಲು ಅದೇ ಸರಿಯಾದ ಜಾಗ. ಗ್ರಾಮಸಭೆಯ ಠರಾವಿನ ಜತೆ ಹತ್ತು ಊರಿನವರು ಹೋದರೆ ಮಾತಿಗೆ ತೂಕ ಬರುತ್ತದೆ.

ಗಡಿ ನೋಡದ ಯೋಜನೆಯೊಂದೂ ಇದೆ. ಕೇಂದ್ರದ ಪಿಎಂ ಸೂರ್ಯಘರ್‌ನಲ್ಲಿ (2024) ಮಾಡಿನ ಮೇಲೆ ಒಂದು ಕಿಲೋವ್ಯಾಟ್ ಸೋಲಾರಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರಕ್ಕೆ ಅಥವಾ ಹೆಚ್ಚಿಗೆ 78 ಸಾವಿರ ಸಹಾಯಧನ. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯುನಿಟ್, ತಿಂಗಳಿಗೆ 120 ಕೊಡುತ್ತದೆ. 60 ಯುನಿಟ್‌ನ ತಮಿಳುನಾಡಿನ ಮನೆಗೆ ಇದರಿಂದ ಹೇಳುವಂಥ ಲಾಭವಿಲ್ಲ, 24 ರೂಪಾಯಿ ಉಳಿಸಲು ಯಾರೂ ಸಾಲ ಮಾಡುವುದಿಲ್ಲ. ಆದರೆ 101ನೇ ಯುನಿಟ್‌ನಿಂದ ಎರಡು ಪಟ್ಟು ಕಟ್ಟುವ ಅಕ್ಕಲಕೋಟೆಯ ಮನೆ, 250ರ ಗೆರೆಯಲ್ಲಿ ನಿಂತ ಕಾಸರಗೋಡಿನ ಮನೆ ಇದನ್ನು ಲೆಕ್ಕ ಹಾಕಿ ನೋಡಲೇಬೇಕು.

ಮುಂದಿನ ಮದುವೆಯಲ್ಲಿ ಅಳಿಯನ ಸೊನ್ನೆ ಬಿಲ್ಲಿನ ಮಾತು ಮತ್ತೆ ಬರುತ್ತದೆ. ಆಗ ಮಾವ ಕೇಳಬೇಕಾದ್ದು ಬಿಲ್ಲು ಎಷ್ಟು ಎಂದಲ್ಲ. ಯುನಿಟ್ ಎಷ್ಟು, ಎಷ್ಟು ದಿನದ್ದು, ಉಳಿದದ್ದನ್ನು ಕೊಟ್ಟವರು ಯಾರು ಎಂದು. ಈ ಮೂರು ಪ್ರಶ್ನೆಗೆ ತನ್ನ ಬಿಲ್ಲಿನಲ್ಲೂ ಉತ್ತರ ಹುಡುಕಿದರೆ, ಮನೆಗೆ ಹೋದ ಮೇಲೆ ಎಲ್ಲಿ ದೂರು ಕೊಡಬೇಕೆಂದು ಅವನಿಗೇ ಗೊತ್ತಾಗುತ್ತದೆ.