ನೊಂದ ಮುಖಕ್ಕೆ ಯಾವ ಶೀಷೆ?

ಮಾರ್ಟಳ್ಳಿಯಿಂದ ಸೋದರಿಯೊಬ್ಬರು ಬರೆದಿರುವ ಕಾಗದ ನನ್ನ ಮುಂದಿದೆ. ವಯಸ್ಸು 52, ಮುಟ್ಟು ನಿಂತು ಮೂರು ವರ್ಷವಾಗಿದೆ. ಮನೆಗೆಲಸದ ಜೊತೆಗೆ ಹೊಲದ ಕೆಲಸವೂ ಉಂಟು. ಕೆನ್ನೆಗಳ ಮೇಲೆ ಬಂಗು ಹಬ್ಬಿದುದನ್ನು ಕಂಡ ನಾದಿನಿ, ತಾನು ಹಚ್ಚುತ್ತಿದ್ದ ಮುಲಾಮಿನ ಹೆಸರು ಹೇಳಿದಳಂತೆ. ಅಂಗಡಿಯಲ್ಲಿ ಕೇಳಿದೊಡನೆ ಸಿಕ್ಕಿತು. ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಹದಿನೈದು ದಿನಗಳಲ್ಲಿ ಮುಖ ತಿಳಿಯಾಯಿತು, ಸುಕ್ಕುಗಳೂ ಮರೆಯಾದಂತೆ ಕಂಡವು. ಎಂಟು ತಿಂಗಳು ಹಚ್ಚಿದರು. ಈಗ ನಿಲ್ಲಿಸಿದರೆ ಮುಖ ಕೆಂಪೇರಿ ಉರಿಯುತ್ತದೆ, ಒಲೆಯ ಮುಂದೆ ಕೂರಲಾಗದು. ಇನ್ನೆರಡು ತಿಂಗಳಿಗೆ ಮಗಳ ಮದುವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆ ಮಗಳು ಅಕ್ಕರೆಯಿಂದ ಎರಡು ಶೀಷೆಗಳನ್ನು ಕಳಿಸಿದ್ದಾಳೆ: ಒಂದರಲ್ಲಿ ರೆಟಿನಾಲ್, ಇನ್ನೊಂದರಲ್ಲಿ ಶೇಕಡ 10ರ ಗ್ಲೈಕಾಲಿಕ್ ಆಮ್ಲ. "ಯಾವುದನ್ನು ಮೊದಲು ಹಚ್ಚಲಿ? ಎರಡನ್ನೂ ಕೂಡಿಸಿ ಹಚ್ಚಿದರೆ ಬೇಗ ಗುಣವಾದೀತೆ?" ಎಂಬುದು ಅವರ ಪ್ರಶ್ನೆ.

ಸೋದರಿ, ಮದುವೆ ಮುಗಿಯುವವರೆಗೆ ಎರಡು ಶೀಷೆಗಳ ಮುಚ್ಚಳವನ್ನೂ ತೆರೆಯಬೇಡಿ. ಈ ಮಾತು ನಿಮಗೆ ರುಚಿಸಲಾರದು, ಕಾರಣವನ್ನು ಹೇಳುತ್ತೇನೆ.

ನೀವು ಬರೆದಿರುವ ಆ ಮುಲಾಮಿನ ಕೊಳವೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಮೂರು ಔಷಧಗಳ ಹೆಸರಿದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಇಂಥ ಮೂರರ ಕೂಟವನ್ನು 1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದರು. ವೈದ್ಯರ ಕಣ್ಣೆದುರಿನಲ್ಲಿ ಕೆಲವೇ ವಾರ ಬಳಸತಕ್ಕ ಮದ್ದು ಅದು. ಮೂರನೆಯದಾದ ಮೊಮೆಟಾಸೋನ್ ಒಂದು ಸ್ಟೀರಾಯ್ಡ್. ಮೊದಲು ಕೆಂಪನ್ನೂ ಉರಿಯನ್ನೂ ಅಡಗಿಸಿ ಮುಖವನ್ನು ನುಣುಪುಗೊಳಿಸುವುದು ಅದೇ; ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳ್ಳಗೆ ಮಾಡಿ, ರಕ್ತದ ಎಳೆಗಳು ಮೇಲೆ ಕಾಣುವಂತೆ ಮಾಡುವುದೂ ಅದೇ. ಬಿಟ್ಟೊಡನೆ ಅಡಗಿದ್ದ ಉರಿ ಬಡ್ಡಿ ಸಮೇತ ಹಿಂದಿರುಗುತ್ತದೆ. ನಮ್ಮ ದೇಶದಲ್ಲಿ ಇದು ಎಷ್ಟು ಹಬ್ಬಿತೆಂದರೆ, ಚರ್ಮವೈದ್ಯರು ಇದಕ್ಕೆ 'ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ' ಎಂದೇ ಹೆಸರಿಟ್ಟರು. 2018ರಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಹೊರಡಿಸಿತು. ಆಜ್ಞೆ ಹೊರಟಿತು, ಮುಲಾಮು ಮಾತ್ರ ಅಂಗಡಿಯಿಂದ ಕದಲಲಿಲ್ಲವೆಂಬುದಕ್ಕೆ ನಿಮ್ಮ ಕಾಗದವೇ ಸಾಕ್ಷಿ.

ಇಂಥ ಮುಖಕ್ಕೆ ಆಮ್ಲವನ್ನಾಗಲಿ ರೆಟಿನಾಲನ್ನಾಗಲಿ ಹಚ್ಚುವುದು ಗಾಯಕ್ಕೆ ಉಪ್ಪು ತಿಕ್ಕಿದಂತೆ. ನಮ್ಮ ಮೈಬಣ್ಣದವರಿಗೆ ಇನ್ನೊಂದು ತೊಡಕೂ ಉಂಟು: ಚರ್ಮ ಎಲ್ಲಿ ಉರಿದು ಕೆಂಪಾಗುತ್ತದೆಯೋ ಅಲ್ಲಿ ಮುಂದೆ ಕಪ್ಪು ಕಲೆ ನಿಲ್ಲುತ್ತದೆ. ಬಂಗನ್ನು ಅಳಿಸಲು ಹೊರಟವರು ಬಂಗನ್ನೇ ಬೆಳೆಸಿಕೊಂಡಂತಾಗುತ್ತದೆ.

ಸದ್ಯಕ್ಕೆ ಮುಖಕ್ಕೆ ಬೇಕಾದುದು ವಿಶ್ರಾಂತಿ. ತಣ್ಣೀರು, ನೊರೆಯಿಲ್ಲದ ಮೃದುವಾದ ತೊಳೆಯುವ ದ್ರವ, ಪರಿಮಳವಿಲ್ಲದ ಗ್ಲಿಸರಿನ್ ಬೆರೆತ ಕ್ರೀಮು ಅಥವಾ ಬಿಳಿಯ ವ್ಯಾಸಲೀನು, ಇಷ್ಟು ಸಾಕು. ಕಡಲೆಹಿಟ್ಟಿನ ತಿಕ್ಕಾಟವೂ ಬೇಡ. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮವಿಭಾಗವುಂಟು. ಹನೂರು, ಕೊಳ್ಳೇಗಾಲಗಳನ್ನು ದಾಟಿ ಹೋಗಬೇಕಾದ ದಾರಿ ದೂರವೇ ಸರಿ. ಆದರೂ ಮದುವೆಯ ಜವಳಿಗೆಂದು ಹೊರಡುವ ದಿನವನ್ನೇ ಇದಕ್ಕೂ ಇಟ್ಟುಕೊಳ್ಳಿ. ಆ ಖಾಲಿ ಕೊಳವೆಯನ್ನು ಮರೆಯದೆ ಕೊಂಡೊಯ್ಯಿರಿ. ಅದನ್ನು ಕಂಡರೆ ವೈದ್ಯರಿಗೆ ಅರ್ಧ ಕಥೆ ತಿಳಿಯುತ್ತದೆ.

ಈಗ ಶೀಷೆಗಳ ವಿಚಾರ. ಮುಖ ತಣಿದು, ಉರಿ ಸಂಪೂರ್ಣವಾಗಿ ಹೋಗಿ ಒಂದೆರಡು ತಿಂಗಳು ಕಳೆದ ಮೇಲೆ ಈ ಪ್ರಶ್ನೆ ಏಳಬೇಕು.

ಹಣ್ಣು, ಹಾಲು, ಕಬ್ಬುಗಳ ಹುಳಿಗೆ ಸೇರಿದ ಆಮ್ಲಗಳು ಚರ್ಮದ ಮೇಲಿನ ಸತ್ತ ಪದರದ ಬೆಸುಗೆಯನ್ನು ಸಡಿಲಗೊಳಿಸುತ್ತವೆ. ಆ ಪದರ ಕಳಚಿ ಕೆಳಗಿನ ನುಣುಪು ಕಾಣುತ್ತದೆ. 1974ರಲ್ಲಿ ಫಿಲಡೆಲ್ಫಿಯದ ವ್ಯಾನ್ ಸ್ಕಾಟ್ ಮತ್ತು ಯೂ ಎಂಬಿಬ್ಬರು ಮೀನಿನ ಹುರುಪೆಯಂತೆ ಚರ್ಮ ಒಡೆಯುವ ರೋಗಕ್ಕೆ ಇವನ್ನು ಬಳಸಿ ತೋರಿಸಿದರು. ಇವುಗಳಲ್ಲಿ ಗ್ಲೈಕಾಲಿಕ್ ಆಮ್ಲದ ಅಣು ಎಲ್ಲಕ್ಕಿಂತ ಚಿಕ್ಕದು, ಅದಕ್ಕೇ ಒಳನುಗ್ಗುವುದೂ ಚುಚ್ಚುವುದೂ ಹೆಚ್ಚು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಇದಕ್ಕಿಂತ ಸಾಧು. ಚರ್ಮದಲ್ಲಿ ತೇವವನ್ನೂ ಹಿಡಿದಿಡುತ್ತದೆ. ಗ್ಲೂಕೋನೊಲ್ಯಾಕ್ಟೋನ್ ಎಂಬುದರ ಅಣು ಇನ್ನೂ ದೊಡ್ಡದು, ಚುಚ್ಚುವುದು ಇನ್ನೂ ಕಡಿಮೆ. ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್ ಆಮ್ಲ ಮೊಡವೆಯ ಜಿಡ್ಡುಮುಖಕ್ಕೆ ಸರಿ. ಮುಟ್ಟು ನಿಂತು ಎಣ್ಣೆಯಾರಿದ ನಿಮ್ಮ ಮುಖಕ್ಕೆ ಅದರ ಅಗತ್ಯವಿಲ್ಲ.

ಹಾಗಾದರೆ ಮನೆಯ ನಿಂಬೆಹಣ್ಣೇ ಆಗದೆ, ಎಂದು ಬರೆಯುವವರು ವಾರಕ್ಕೊಬ್ಬರಾದರೂ ಇದ್ದಾರೆ. ಆಗದು! ನಿಂಬೆರಸ ಅಂಗಡಿಯ ಆಮ್ಲಕ್ಕಿಂತ ಹೆಚ್ಚು ತೀಕ್ಷ್ಣ. 1998ರಲ್ಲಿ ಅಮೆರಿಕದ ಪ್ರಸಾಧನ ಸಾಮಗ್ರಿಗಳ ಪರಿಶೀಲನಾ ತಜ್ಞರು, ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳು ಶೇಕಡ 10ನ್ನು ಮೀರಬಾರದು, ಪಿ.ಎಚ್. 3.5ಕ್ಕಿಂತ ಕೆಳಗಿಳಿಯಬಾರದು, ಬಿಸಿಲಿನಿಂದ ರಕ್ಷಣೆ ಇರಬೇಕು ಎಂದರು. ನಿಂಬೆರಸದ ಪಿ.ಎಚ್. 2ರ ಆಸುಪಾಸಿನದು. ಅದೂ ಅಲ್ಲದೆ ನಮ್ಮ ಪುಟ್ಟ ನಿಂಬೆಯ ಸಿಪ್ಪೆಯ ಎಣ್ಣೆಯಲ್ಲಿ, ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ಕಪ್ಪುಗೆರೆ ಮೂಡಿಸುವ ವಸ್ತುವಿದೆ.

ರೆಟಿನಾಲ್ ಕೆಲಸ ಮಾಡುವ ರೀತಿಯೇ ಬೇರೆ. ಅದು 'ಎ' ಜೀವಸತ್ವ. ಚರ್ಮದೊಳಗೆ ಎರಡು ಹೆಜ್ಜೆಗಳಲ್ಲಿ ಮಾರ್ಪಟ್ಟು ಟ್ರೆಟಿನಾಯಿನ್ ಆಗುತ್ತದೆ. ಟ್ರೆಟಿನಾಯಿನ್ ಮೊಡವೆಯ ಔಷಧವಾಗಿತ್ತು. ಹಚ್ಚುತ್ತಿದ್ದ ನಡುವಯಸ್ಸಿನ ಹೆಂಗಸರು ಸುಕ್ಕು ಕಡಿಮೆಯಾಯಿತೆಂದು ಹೇಳತೊಡಗಿದರು. 1986ರಲ್ಲಿ ಅದೇ ಕ್ಲಿಗ್ಮನ್, ಬಿಸಿಲಿನಿಂದ ಮುಪ್ಪಾದ ಚರ್ಮ ಅದರಿಂದ ಸುಧಾರಿಸುವುದನ್ನು ತೋರಿಸಿದರು. (ಈ ಮಹಾಶಯರು ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ವರ್ಷಾನುಗಟ್ಟಲೆ ಪ್ರಯೋಗ ನಡೆಸಿದವರು, ಅವರ ಕೀರ್ತಿಯ ಜೊತೆಗೆ ಆ ಕಳಂಕವನ್ನೂ ನೆನೆಯಬೇಕು.) ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡಿದರೆ, ಇದು ಒಳಪದರದಲ್ಲಿ ಕೊಲಾಜನ್ ಎಂಬ ನಾರನ್ನು ಹೊಸದಾಗಿ ಕಟ್ಟಿಸುತ್ತದೆ. ಆದರೆ ಮೊದಲ ಕೆಲವು ವಾರ ಸಿಪ್ಪೆಯೆದ್ದು ಕೆಂಪಾಗುವುದು ಸಾಮಾನ್ಯ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಎರಡೇ ತಿಂಗಳ ವಾಯಿದೆಯಿಟ್ಟುಕೊಂಡು ಇದನ್ನು ಆರಂಭಿಸಿದರೆ ಧಾರೆಯ ಹೊತ್ತಿಗೆ ಕೈಗೆ ಬರುವುದು ಸಿಪ್ಪೆ ಮಾತ್ರ.

ಎರಡರಲ್ಲಿ ಒಂದೇ ಎಂದಾದರೆ, ಸುಕ್ಕಿನ ಚಿಂತೆಯುಳ್ಳವರಿಗೆ ನನ್ನ ಆಯ್ಕೆ ರೆಟಿನಾಲ್. ಟ್ರೆಟಿನಾಯಿನ್ ಹೆಚ್ಚು ಬಲವುಳ್ಳದ್ದು, ವೈದ್ಯರ ಚೀಟಿಯ ಮೇಲೆ ಪಡೆಯತಕ್ಕದ್ದು. ನೊಂದ ಚರ್ಮಕ್ಕೆ ಮೊದಲ ಮೆಟ್ಟಿಲಾಗಿ ಅದು ಬೇಡ. ರೆಟಿನಾಲಿನಲ್ಲಿಯೂ ಶೇಕಡ 0.1ರಿಂದ 0.3ರ ಒಳಗಿನದನ್ನೇ ಆರಿಸಿ. ಶೀಷೆಯ ಮೇಲೆ ಶೇಕಡ 1 ಎಂದಿದ್ದರೆ ಅದು ನಿಮಗಲ್ಲ. ಮೊದಲು ಕಿವಿಯ ಹಿಂದೆ ನಾಲ್ಕಾರು ರಾತ್ರಿ ಹಚ್ಚಿ ನೋಡಿ. ಆಮೇಲೆ ವಾರಕ್ಕೆರಡು ರಾತ್ರಿ, ಒಣಗಿದ ಮುಖಕ್ಕೆ ಮೊದಲು ಕ್ರೀಮು, ಅದರ ಮೇಲೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ರೆಟಿನಾಲ್, ಮತ್ತೆ ಕ್ರೀಮು. ಕಣ್ಣಿನ ರೆಪ್ಪೆ, ತುಟಿಯಂಚು, ಮೂಗಿನ ಮಗ್ಗುಲುಗಳನ್ನು ಬಿಡಿ. ಒಂದು ತಿಂಗಳು ಉರಿಯದಿದ್ದರೆ ದಿನ ಬಿಟ್ಟು ದಿನ. ಉರಿದರೆ ವಾರ ಪೂರ್ತಿ ಬಿಡುವು. ಇದನ್ನು ಚರ್ಮ ಒಗ್ಗಿಸಿಕೊಂಡ ಅನಂತರ ಒರಟುತನ ಉಳಿದಿದ್ದರೆ, ರೆಟಿನಾಲ್ ಹಚ್ಚದ ರಾತ್ರಿಗಳಲ್ಲಿ ವಾರಕ್ಕೊಮ್ಮೆ ಶೇಕಡ 5ರ ಲ್ಯಾಕ್ಟಿಕ್ ಆಮ್ಲ. ಒಂದೇ ರಾತ್ರಿ ಎರಡೂ ಕೂಡದು. ಶೀಷೆಯನ್ನು ಕಿಟಕಿಯ ಮೇಲಾಗಲಿ ಬಿಸಿಯೇರುವ ತಗಡಿನ ಕೆಳಗಾಗಲಿ ಇಡಬೇಡಿ; ಬೆಳಕಿಗೂ ಬಿಸಿಗೂ ಅದು ಸತ್ತ್ವ ಕಳೆದುಕೊಳ್ಳುತ್ತದೆ.

ಇವೆಲ್ಲಕ್ಕಿಂತ ಮುಂಚೆ ಬಿಸಿಲು. ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನ ಹೊಲಗಳಲ್ಲಿ ಹಗಲೆಲ್ಲ ಬಗ್ಗಿ ನಿಲ್ಲುವವರ ಮುಖದ ಸುಕ್ಕಿಗೆ ವಯಸ್ಸಿಗಿಂತ ಬಿಸಿಲಿನ ಪಾಲೇ ಹೆಚ್ಚು. ಅಗಲ ಅಂಚಿನ ಟೋಪಿ, ಅದಿಲ್ಲದಿದ್ದರೆ ಹಣೆಯ ಮುಂದಕ್ಕೆ ಎಳೆದ ದಪ್ಪ ಸೆರಗು, ಇದು ಮೊದಲ ಔಷಧ. ಜೊತೆಗೆ ಸತುವಿನ ಆಕ್ಸೈಡ್ ಇರುವ, ಎಸ್.ಪಿ.ಎಫ್. 30ರ ಲೇಪ, ಬಂಗಿರುವವರಿಗೆ ಮೈಬಣ್ಣ ಬೆರೆತದ್ದು ಉತ್ತಮ, ಅದರಲ್ಲಿನ ಕಬ್ಬಿಣದ ಆಕ್ಸೈಡು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಎರಡು ಬೆರಳುಗಳುದ್ದಕ್ಕೂ ಗೆರೆಯೆಳೆದಷ್ಟು ಲೇಪ ಮುಖಕ್ಕೂ ಕತ್ತಿಗೂ ಬೇಕು. ಇದನ್ನು ಈಗಿನಿಂದಲೇ ಆರಂಭಿಸಬಹುದು, ಉರಿಸದಿದ್ದರೆ.

ಗ್ಲೈಕಾಲಿಕ್ ಆಮ್ಲದ ಶೀಷೆಯನ್ನು ಮಗಳಿಗೇ ಹಿಂದಿರುಗಿಸಿ. ಎಳೆಯ ಚರ್ಮ ತಾಳೀತು, ಆದರೆ ಮದುವೆಯ ವಾರದಲ್ಲಿ ಅವಳೂ ಮುಟ್ಟದಿರಲಿ. ರೆಟಿನಾಲನ್ನು ಮಾತ್ರ ಅವಳಿಗೆ ಕೊಡಬೇಡಿ. ಬಸುರಿಯಾದವರೂ ಬಸುರಾಗಬೇಕೆಂದಿರುವವರೂ ಅದನ್ನು ದೂರವಿಡಬೇಕೆಂಬುದು ವೈದ್ಯರ ನಿಯಮ. ಮದುವೆಯ ಮನೆಯಲ್ಲಿ ಈ ಮಾತನ್ನು ಹೇಳಲು ತಾಯಿಗಿಂತ ತಕ್ಕವರು ಯಾರು?